ಬೋಳು ತೆಂಗಿನ ಬಲಕ್ಕೆ ಎರಡು ಬೆರಳು

ನಾನು ನಿಂತಿದ್ದದ್ದು ಮಟ್ಟುವಿನಲ್ಲಿ, ತಾಯಿಯ ಮನೆಯ ಪಡುಬದಿಯ ಅಂಗಳದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಕಲ್ಲು ಗೋಡೆಯಿಂದ ನಾಲ್ಕು ಹೆಜ್ಜೆ ದೂರ. ಮನೆಯ ನೆರಳು ಕಲ್ಲನ್ನು ದಾಟಿ ಇನ್ನೂ ಹತ್ತು ಹೆಜ್ಜೆ ಬಿದ್ದಿತ್ತು, ಹಾಗಾಗಿ ಸೂರ್ಯ ಕಣ್ಣಿಗೆ ಬೀಳುತ್ತಿರಲಿಲ್ಲ. ಅಂಗಳದ ತೆಂಕು ಮೂಲೆಯಲ್ಲಿ ಸಿಡಿಲು ಬಡಿದು ತಲೆ ಕಳೆದುಕೊಂಡ ಒಂದು ತೆಂಗಿನ ಮರ ಕಂಬದಂತೆ ನಿಂತಿತ್ತು. ಬೆಳಿಗ್ಗೆ ಎಂಟು ಗಂಟೆ ಮೂವತ್ತೈದು ನಿಮಿಷ. ಗಡಿಯಾರ ನನ್ನದಲ್ಲ, ದೊಡ್ಡ ಮಾವನದು. ಅವರೇ ಕೈ ಎತ್ತಿ ಗಟ್ಟಿಯಾಗಿ ಓದಿ ಹೇಳಿದರು. ಕ್ರಿಸ್ಮಸ್ ರಜೆಯ ಒಂದು ಸೋಮವಾರ. ನನಗೆ ಒಂಬತ್ತು ವರ್ಷ. ಇಷ್ಟರ ಬಗ್ಗೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಆಕಾಶದಲ್ಲಿ ಏನಿತ್ತು ಎಂಬ ಬಗ್ಗೆ ಮಾತ್ರ ಐವತ್ತು ವರ್ಷ ಅನುಮಾನಪಟ್ಟೆ.

ಆ ಮನೆ ಹೆಣ್ಣುಮಕ್ಕಳ ಕಡೆಯಿಂದ ಇಳಿದು ಬಂದ ಮನೆ. ಹೆಸರಿಗೆ ಅಜ್ಜಿಯದು, ಅವಳ ನಂತರ ಅವಳ ಹೆಣ್ಣುಮಕ್ಕಳದು. ಆದರೆ ಮಾತು ನಡೆಯುತ್ತಿದ್ದದ್ದು ಅಮ್ಮನ ಅಣ್ಣನದು, ಅಂದರೆ ದೊಡ್ಡ ಮಾವನದು. ಅವರು ಕಾಪುವಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರು. ಅವರ ತಮ್ಮ ಸಣ್ಣ ಮಾವ ಗದ್ದೆ ನೋಡಿಕೊಳ್ಳುತ್ತಿದ್ದರು, ಅಥವಾ ಹಾಗೆಂದು ಹೇಳಿಕೊಳ್ಳುತ್ತಿದ್ದರು. ನನ್ನ ಅಪ್ಪ ಮೀನಿನ ದೋಣಿಯಲ್ಲಿ ದುಡಿಯುತ್ತಿದ್ದವರು, ತಿಂಗಳಿಗೊಮ್ಮೆ ಬಂದು ಜಗಲಿಯಲ್ಲಿ ಕುಳಿತು ಹೋಗುತ್ತಿದ್ದರು. ಅಮ್ಮ, ನಾನು, ತಂಗಿ ಶಶಿ, ಅಮ್ಮನ ತಂಗಿ ಕುಸುಮ ಚಿಕ್ಕಮ್ಮ ಆ ಮನೆಯವರು. ಚಿಕ್ಕಮ್ಮ ಹೆಬ್ರಿಯ ಗಂಡನ ಮನೆಯಿಂದ ಎರಡು ವರ್ಷಕ್ಕೇ ವಾಪಸ್ ಬಂದಿದ್ದಳು. ಯಾಕೆ ಎಂದು ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಅವಳ ಎಡಗೈಯ ಒಂದು ಬೆರಳು ನೆಟ್ಟಗಾಗುತ್ತಿರಲಿಲ್ಲ, ಅದನ್ನು ನಾವು ನೋಡಿದ್ದೆವು.

ಮನೆಯ ಮಾತು ತುಳು. ದೊಡ್ಡ ಮಾವ ಕನ್ನಡಕ್ಕೆ ತಿರುಗಿದರೆಂದರೆ ಪಾಠ ಅಥವಾ ಪೆಟ್ಟು ಎಂದರ್ಥ. ರಾತ್ರಿಯ ಊಟಕ್ಕೆ ನಾವು ಚಾವಡಿಯಲ್ಲಿ ಸಾಲಾಗಿ ಕುಳಿತಾಗ ಅವರ ಮಣೆ ಮಾತ್ರ ಗೋಡೆಗೆ ಬೆನ್ನು ಕೊಟ್ಟು ಎದುರಿಗಿರುತ್ತಿತ್ತು. ಕೇಳಿದ್ದಕ್ಕೆ ಉತ್ತರ ಹೇಳಿದವರಿಗೆ ಮೀನು, ಹೇಳದವರಿಗೆ ಬರೀ ಸಾರು. ಒಂದು ದಿನ ಅವರು ಬುಟ್ಟಿಯಿಂದ ಒಂದೇ ಗಾತ್ರದ ಎರಡು ಗುಳ್ಳ ತರಿಸಿದರು. ನಮ್ಮ ಊರಿನ ಗುಳ್ಳ ಉರುಟು ಬದನೆ, ತಿಳಿ ಹಸಿರು ಬಣ್ಣ, ಮೈಮೇಲೆ ಬಿಳಿ ಗೆರೆ. ಒಂದನ್ನು ಭೂಮಿ ಎಂದರು, ಇನ್ನೊಂದನ್ನು ಶುಕ್ರ. ಶುಕ್ರ ಸೂರ್ಯನಿಂದ ಎರಡನೆಯದು, ಗಾತ್ರದಲ್ಲಿ ಭೂಮಿಗೆ ಹೆಚ್ಚುಕಡಿಮೆ ಸಮ, ಕಲ್ಲಿನ ನೆಲ. ಚಂದ್ರ ಇಲ್ಲ. ಎಲ್ಲ ಗ್ರಹಗಳಿಗಿಂತ ಬಿಸಿ, ಸೀಸ ಇಟ್ಟರೆ ಕರಗಿ ಹರಿಯುವಷ್ಟು. ನಮಗೆ ಕಾಣುವ ಹೊಳಪು ನೆಲದ್ದಲ್ಲ, ಮೇಲಿನ ದಪ್ಪ ಮೋಡದ್ದು. ಅದು ತಿರುಗುವುದು ನಮ್ಮ ಭೂಮಿಗೆ ವಿರುದ್ಧವಾಗಿ, ಅಲ್ಲಿ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ. ತಿರುಗುವುದೂ ಎಷ್ಟು ನಿಧಾನ ಎಂದರೆ ತನ್ನ ಸುತ್ತ ಒಮ್ಮೆ ತಿರುಗುವ ಮೊದಲೇ ಸೂರ್ಯನಿಗೆ ಒಂದು ಸುತ್ತು ಮುಗಿದಿರುತ್ತದೆ. ಗುಳ್ಳವನ್ನು ತೊಟ್ಟು ಹಿಡಿದು ಹಿಂದುಮುಂದಾಗಿ ತಿರುಗಿಸುತ್ತ ಅವರು ಇದನ್ನೆಲ್ಲ ಹೇಳಿದಾಗ ನನಗೆ ಊಟ ಮರೆತುಹೋಯಿತು. ಬೆಳಗಿನ ಜಾವ ಮೂಡುವ ಬೊಳ್ಳಿಯೇ ಆ ಶುಕ್ರ ಎಂದು ಅಂದೇ ಗೊತ್ತಾದದ್ದು. ಅಂದು ನನಗೆ ಎರಡು ತುಂಡು ಮೀನು ಸಿಕ್ಕಿತು. ಅವರನ್ನು ನಾನು ಪ್ರೀತಿಸಿದ್ದೆ, ಇದನ್ನೂ ಬರೆಯಬೇಕು.

ಗುಳ್ಳದ ಬೀಜದ ವಿಷಯ ಹೇಳದೆ ಮುಂದಿನದ್ದು ತಿಳಿಯುವುದಿಲ್ಲ. ಬೀಜಕ್ಕೆ ಬಿಟ್ಟ ಕಾಯಿಯನ್ನು ಗಿಡದಲ್ಲೇ ಹಳದಿಯಾಗಲು ಬಿಟ್ಟು, ಕೊಯ್ದು, ಬೂದಿಯಲ್ಲಿ ಹೊರಳಿಸಿ, ಬಾಳೆನಾರಿನಲ್ಲಿ ಕಟ್ಟಿ ಒಲೆಯ ಮೇಲೆ ತೂಗುಹಾಕುತ್ತಿದ್ದರು. ಹೊಗೆ ಕುಡಿದು ಅದು ಒಣಗಬೇಕು. ನಮ್ಮ ಮನೆಯಲ್ಲಿ ಅದನ್ನು ಮುಟ್ಟುವ ಹಕ್ಕು ಒಲೆ ಹೊತ್ತಿಸುವ ಹೆಂಗಸಿಗೆ ಮಾತ್ರ, ಆ ವರ್ಷ ಅದು ಚಿಕ್ಕಮ್ಮ. ಬೀಜ ಊರು ಬಿಟ್ಟು ಹೋಗಬಾರದು. ಅದು ಎಂದೋ ಒಬ್ಬ ಸ್ವಾಮಿಗಳು ಈ ಮಣ್ಣಿಗೆಂದೇ ಕೊಟ್ಟದ್ದು, ಹೊರಗೆ ಕೊಟ್ಟ ಮನೆಯ ಗದ್ದೆ ಬಂಜೆಯಾಗುತ್ತದೆ ಎಂದು ಅಜ್ಜಿ ನಂಬಿದ್ದಳು. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ. ದಿನಾ ಬೆಳಗಿನ ಗಂಜಿಗೆ ಮೊದಲು ಒಲೆಯ ಬಳಿ ಸ್ಟೂಲು ಹತ್ತಿ ಒಂದೊಂದನ್ನೂ ಕೈಯಿಂದ ತಡವಿ ಎಣಿಸುವಳು. ಆ ವರ್ಷ ಸಸಿ ಬೇಗ ನೆಟ್ಟಿದ್ದರಿಂದ ಕ್ರಿಸ್ಮಸ್ಸಿನ ಹೊತ್ತಿಗೇ ಆರು ಹಣ್ಣು ತೂಗುತ್ತಿದ್ದವು.

ರಜೆಯಲ್ಲಿ ನನ್ನ ಕೆಲಸ ಗಿಡಕ್ಕೆ ನೀರು ಹೊರುವುದು. ಕತ್ತಲಿರುವಾಗಲೇ ಎದ್ದು ಹೊಂಡದಿಂದ ಕೊಡ ತುಂಬಿ ಸಾಲಿಗೆ ಹೊಯ್ಯುವಾಗ ಬೊಳ್ಳಿ ತಲೆಯ ಮೇಲೆ ದೀಪದಂತೆ ಉರಿಯುತ್ತಿತ್ತು. ಬೆಳಕು ಹರಿಯುತ್ತ ಉಳಿದ ನಕ್ಷತ್ರ ಅಳಿಸಿಹೋಗುವುದನ್ನು ನೋಡುತ್ತ, ಇದು ಯಾವ ಗಳಿಗೆಯಲ್ಲಿ ಅಳಿಯುತ್ತದೆ ಎಂದು ಹಿಡಿಯುವ ಹಟ ಹುಟ್ಟಿತು. ಪ್ರತಿ ಕೊಡಕ್ಕೊಮ್ಮೆ ಕಲ್ಲಿನ ಹತ್ತಿರ ಬಂದು, ಬೋಳು ತೆಂಗಿನ ತುದಿಯಿಂದ ಅದು ಎಷ್ಟು ದೂರವಿದೆ ಎಂದು ನೋಡಿಕೊಳ್ಳುತ್ತಿದ್ದೆ. ಹೀಗೆ ಕಣ್ಣು ಬಿಡದೆ ಹಿಂಬಾಲಿಸಿದರೆ ಅದು ಅಳಿಯುವುದೇ ಇಲ್ಲ. ಸೂರ್ಯ ಮೂಡಿದ ಮೇಲೆ ದೀಪ ಹೋಗಿ ಒಂದು ಬಿಳಿ ಚುಕ್ಕೆಯಾಗುತ್ತದೆ, ನೀಲಿ ಬಟ್ಟೆಗೆ ಅಕ್ಕಿಯ ನುಚ್ಚು ಅಂಟಿದ ಹಾಗೆ. ಒಮ್ಮೆ ಕಣ್ಣು ತಪ್ಪಿದರೆ ಮತ್ತೆ ಹುಡುಕುವುದು ಕಷ್ಟ. ಮರದ ತುದಿಯಂಥ ಗುರುತು ಬೇಕು. ಒಂದು ವಾರ ನೋಡಿದೆ. ಯಾರಿಗೂ ಹೇಳಲಿಲ್ಲ, ಅದು ನನ್ನೊಬ್ಬನದು ಎಂಬ ಆಸೆ.

ಭಾನುವಾರ ಬೊಳ್ಳಿ ಬೋಳು ತೆಂಗಿನ ತುದಿಗೆ ಮುಟ್ಟಿದಾಗ ನಾನು ಕಲ್ಲಿನ ಮೇಲಿದ್ದೆ. ಅಡುಗೆಮನೆಯ ಹಿಂಬಾಗಿಲಿನಿಂದ ಸಣ್ಣ ಮಾವ ಬಟ್ಟೆಚೀಲ ಹಿಡಿದು ಹೊರಬಂದರು. ಅಂಗಿಯ ಎದೆಗೆ ಬೂದಿ ಹತ್ತಿತ್ತು. ಗದ್ದೆಗಳ ನಡುವಿನ ಕಟ್ಟಪುಣಿಯ ಮೇಲೆ ನಡೆದು ರಸ್ತೆಗೆ ಹೋದರು. ಅಲ್ಲಿ ಕೆಂಪು ಟ್ಯಾಂಕಿನ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ಒಬ್ಬರು ಕಾಯುತ್ತಿದ್ದರು. ಚೀಲ ಅವರ ಕೈಗೆ ಹೋಯಿತು. ಸಣ್ಣ ಮಾವ ಹಿಂದೆ ಹತ್ತಿ ಕುಳಿತರು.

ಮಧ್ಯಾಹ್ನ ಚಿಕ್ಕಮ್ಮನೇ ಮೊದಲು ಕಂಡದ್ದು, ಒಲೆಯ ಮೇಲೆ ಮೂರೇ ಹಣ್ಣು. ಸಂಜೆ ಚಾವಡಿಯಲ್ಲಿ ಎಲ್ಲರನ್ನೂ ಕೂರಿಸಿದರು. ಬೆಳಗಿನ ಗಂಜಿಗೆ ಮೊದಲು ಅಜ್ಜಿ ಎಣಿಸಿದಾಗ ಆರೂ ಇದ್ದವು, ಆ ಮೇಲೆ ಅಡುಗೆಮನೆಯಲ್ಲಿ ಇದ್ದವಳು ಚಿಕ್ಕಮ್ಮ ಒಬ್ಬಳೇ. ಸಣ್ಣ ಮಾವ, ತಾನು ಕತ್ತಲಿಗೇ ಮೊದಲ ಬಸ್ಸು ಹಿಡಿದು ಕಟಪಾಡಿಗೆ ಹೋದವನು, ಮಧ್ಯಾಹ್ನ ಬಂದದ್ದು ಎಂದರು. ಆಮೇಲೆ ಯಾರೂ ಕೇಳದೆಯೇ ಇನ್ನೊಂದು ಮಾತು ಸೇರಿಸಿದರು.

"ಹೆಬ್ರಿಗೆ ಕಳಿಸಿರಬೇಕು. ಬೀಜ ಕೊಟ್ಟರೆ ಆದರೂ ಗಂಡ ವಾಪಸ್ ಕರೀತಾನೋ ಏನೋ ಅಂತ."

"ನಾನು ಎಂತಕ್ಕೆ ಕಳಿಸಲಿ ಅಣ್ಣ?" ಚಿಕ್ಕಮ್ಮ ಹೇಳಿದ್ದು ದೊಡ್ಡ ಮಾವನಿಗೆ. "ಆ ಮನೆಗೆ ನಾನು ಒಂದು ಹಿಡಿ ಬೂದಿ ಸಹ ಕಳಿಸುವುದಿಲ್ಲ."

ಆಗ ನಾನು ಎದ್ದು ನಿಂತು ಕಂಡದ್ದನ್ನು ಹೇಳಿದೆ. ಅಮ್ಮ ನನ್ನ ಚಡ್ಡಿ ಹಿಡಿದು ಎಳೆದಳು. ದೊಡ್ಡ ಮಾವ ಕನ್ನಡಕ್ಕೆ ತಿರುಗಿದರು.

"ಎಷ್ಟು ಗಂಟೆಗೆ?"

"ಗಂಟೆ ಗೊತ್ತಿಲ್ಲ ಮಾವ. ಬೊಳ್ಳಿ ಬೋಳು ತೆಂಗಿನ ತುದಿಗೆ ಬಂದಿತ್ತು."

ಸಣ್ಣ ಮಾವ ತೊಡೆ ತಟ್ಟಿ ನಕ್ಕರು. "ಕೇಳಿದಿರಾ? ಬೊಳ್ಳಿ ಇದ್ದದ್ದು ಅಂದರೆ ಕತ್ತಲಲ್ಲಿ. ನಾನು ಬಸ್ಸಿಗೆ ಹೋದದ್ದನ್ನೇ ಕಂಡದ್ದು ಇವನು. ಆಮೇಲೆ ಅಲ್ವಾ ಅಮ್ಮ ಆರು ಎಣಿಸಿದ್ದು?"

"ಕತ್ತಲಲ್ಲಿ ಅಲ್ಲ. ಬಿಸಿಲು ಬಂದ ಮೇಲೆ. ಬೊಳ್ಳಿ ಬಿಸಿಲಲ್ಲೂ ಉಂಟು."

"ಬಿಸಿಲಲ್ಲಿ ನಕ್ಷತ್ರವಾ ಮಾರಾಯ?"

"ನಕ್ಷತ್ರ ಅಲ್ಲ, ಗ್ರಹ," ಎಂದು ದೊಡ್ಡ ಮಾವ ಆ ಹೊತ್ತಿನಲ್ಲೂ ತಮ್ಮನನ್ನು ತಿದ್ದಿದರು. ನನ್ನನ್ನು ದಿಟ್ಟಿಸಿದರು. ಮುಂದಿನ ವಾರ ಸಣ್ಣ ಮಾವನಿಗೆ ಕಾಪುವಿನ ಒಂದು ಮನೆಯಲ್ಲಿ ನಿಶ್ಚಿತಾರ್ಥ, ಅದನ್ನು ಕುದುರಿಸಿದವರು ದೊಡ್ಡ ಮಾವನೇ. ಅದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತೀರ್ಪು ಹೇಳಿದವಳು ಅಜ್ಜಿ.

"ಬೀಜ ಹೊರಗೆ ಕೊಟ್ಟವರಿಗೆ ಈ ಒಲೆಯ ಅನ್ನ ಇಲ್ಲ. ಹುಡುಗ ಹೇಳಿದ್ದು ನಿಜವಾದರೆ ನನ್ನ ಈ ಸಣ್ಣ ಮಗ ಮನೆ ಬಿಡಲಿ, ಸುಳ್ಳಾದರೆ ಕುಸುಮ ಬಿಡಲಿ. ನನಗೆ ಕಣ್ಣು ಕಾಣುವುದಿಲ್ಲ. ನಾಳೆ ನೀನು ನೋಡಿ ಹೇಳು ಮಗಾ, ನೀನು ಕಲಿತವನು."

ಮರುದಿನ ಕತ್ತಲಿನಿಂದ ನಾನು ಬೊಳ್ಳಿಯನ್ನು ಬಿಡಲಿಲ್ಲ. ನೀರು ಹೊರಲಿಲ್ಲ, ಮುಖ ತೊಳೆಯಲಿಲ್ಲ. ಅದು ತುದಿಗೆ ಮುಟ್ಟಿದ ಕೂಡಲೇ ಕಲ್ಲಿನ ಮೇಲಿಂದಲೇ ಕೂಗಿದೆ: "ಬಂತು ಮಾವ, ತುದಿಗೆ ಬಂತು!" ದೊಡ್ಡ ಮಾವ ಗಂಜಿ ಉಣ್ಣುತ್ತಿದ್ದರು. ಕಿಟಕಿಯಿಂದ ಅವರ ದನಿ ಕೇಳಿಸಿತು. "ಎಂಟು ಇಪ್ಪತ್ತು. ಉಂಡು ಬರುತ್ತೇನೆ." ನಾನು ಒಳಗೆ ಓಡಿ ಅವರ ಎದುರು ನಿಂತೆ. ಆ ತಪ್ಪು ನನ್ನದು, ಕಣ್ಣು ತೆಗೆಯಬಾರದಿತ್ತು. ಅವರು ಉಪ್ಪಿನಕಾಯಿಯ ಮಿಡಿಯನ್ನು ಪೂರ್ತಿ ಚೀಪಿ, ಬಟ್ಟಲು ತೊಳೆದು, ಅಂಗಿ ಹಾಕಿ, ಗುಂಡಿ ಎಲ್ಲ ಹಾಕಿಕೊಂಡು ಹೊರಬಂದರು. ಕೈಯಲ್ಲಿ ಬೆತ್ತ. ಅಂಗಳದಲ್ಲಿ ಅಜ್ಜಿ, ಅಮ್ಮ, ಚಿಕ್ಕಮ್ಮ, ಶಶಿ ಇದ್ದರು. ಸಣ್ಣ ಮಾವ ಬರಲಿಲ್ಲ, ಜಗಲಿಯಲ್ಲಿ ಕನ್ನಡಿ ಇಟ್ಟುಕೊಂಡು ಗಡ್ಡ ಬೋಳಿಸುತ್ತಿದ್ದರು. ಅದೇ ಹೊತ್ತಿಗೆ ಪಕ್ಕದ ಮನೆಯ ಸಿಸಿಲಿಯಾ ಬಾಯಮ್ಮ ಕ್ರಿಸ್ಮಸ್ ಹಬ್ಬದ ಕುಸ್ವಾರ್ ತಿಂಡಿಯ ಬಸಿ ಹಿಡಿದು ಬಂದರು. ಬಿಳಿ ಬಟ್ಟೆ ಮುಚ್ಚಿದ ಬಸಿಯಿಂದ ಕರಿದ ಸಿಹಿ ನೆವ್ರಿಯ ವಾಸನೆ ಬರುತ್ತಿತ್ತು.

ದೊಡ್ಡ ಮಾವ ಕೈ ಎತ್ತಿ ಗಡಿಯಾರ ಓದಿದರು. ನನ್ನನ್ನು ಕಲ್ಲಿನಿಂದ ಇಳಿಸಿ ತಾವು ಹತ್ತಿದರು. "ತೋರಿಸು," ಎಂದರು. ನಾನು ಬೋಳು ತೆಂಗಿನ ತುದಿಗೆ ಬೆರಳು ಮಾಡಿದೆ. ತುದಿಯಲ್ಲಿ ಏನೂ ಇರಲಿಲ್ಲ. ಬರೀ ನೀಲಿ. ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಂಡು ನೋಡಿದರೂ ನೀಲಿ. ಆ ಕ್ಷಣದಿಂದ ನಾನು ಆಕಾಶ ಬಿಟ್ಟು ಮನುಷ್ಯರ ಮುಖ ನೋಡಿದೆ, ಅದಕ್ಕೇ ಮುಂದಿನದ್ದು ಸರಿಯಾಗಿ ನೆನಪಿದೆ. ದೊಡ್ಡ ಮಾವನ ಕುತ್ತಿಗೆ ಮೇಲೆ ಹೋಯಿತು. ಸ್ವಲ್ಪ ಬಲಕ್ಕೆ ತಿರುಗಿತು. ಅಲ್ಲಿ ನಿಂತಿತು. ನಾನು ಒಂದು, ಎರಡು ಎಂದು ಎಣಿಸಿದರೆ ಹತ್ತರವರೆಗೆ ಹೋಗುವಷ್ಟು ಹೊತ್ತು ನಿಂತಿತು.

"ತೋಜುಂಡು," ಎಂದಳು ಚಿಕ್ಕಮ್ಮ, ಕಾಣುತ್ತದೆ ಎಂದು. "ಅಣ್ಣ, ತೋಜುಂಡು!" ಶಶಿ ಚಪ್ಪಾಳೆ ತಟ್ಟಿ, "ನನಗೂ ಕಂಡಿತು, ಚಿಕ್ಕದು, ಬೆಳ್ಳಗೆ," ಎಂದಳು. ಅವಳಿಗೆ ಆರು ವರ್ಷ. ದೊಡ್ಡ ಮಾವ ಕಣ್ಣು ಇಳಿಸಿ ಅವಳನ್ನು ನೋಡಿದರು. ಬೆತ್ತವನ್ನು ಎಡಗೈಯಿಂದ ಬಲಗೈಗೆ ಬದಲಿಸಿದರು.

"ಎಂತ ಕಂಡಿತು ಶಶಿ? ಸರಿಯಾಗಿ ಹೇಳು."

"ಎಂತ ಇಲ್ಲ ಮಾವ."

ಅವರು ಬಾಯಮ್ಮನ ಕಡೆ ತಿರುಗಿದರು. ಬಾಯಮ್ಮ ಆಗಲೇ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು. ಬಸಿಯನ್ನು ಎಡಗೈಗೆ ಬದಲಿಸಿ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡದ್ದನ್ನು ನಾನು ಕಂಡೆ. ಖಾಲಿ ಆಕಾಶಕ್ಕೆ ಯಾರೂ ಹಾಗೆ ಮಾಡುವುದಿಲ್ಲ ಎಂದು ಈಗ ಅನಿಸುತ್ತದೆ. ಅವರ ಮಗ ಆ ವರ್ಷ ಎಸ್ಸೆಸ್ಸೆಲ್ಸಿ, ದೊಡ್ಡ ಮಾವನ ಕ್ಲಾಸಿನಲ್ಲೇ.

"ನನ್ನ ಕಣ್ಣು ಅಷ್ಟು ಸರಿ ಇಲ್ಲ ಮಾಸ್ಟ್ರೇ," ಎಂದು ಬಸಿಯನ್ನು ಜಗಲಿಯಲ್ಲಿಟ್ಟು ಹೋದರು.

ಅಮ್ಮ ತಲೆ ಎತ್ತಲೇ ಇಲ್ಲ. ಕಲ್ಲಿನ ಮೇಲೆ ಒಣಗಿದ ಸೋಪಿನ ಗೆರೆಯನ್ನು ನೋಡುತ್ತ ನಿಂತಿದ್ದಳು. ಎತ್ತಿದರೆ ಕಾಣುತ್ತಿತ್ತು, ಕಂಡರೆ ಹೇಳಬೇಕಾಗುತ್ತಿತ್ತು.

"ಏನೂ ಇಲ್ಲ ಅಮ್ಮ," ಎಂದು ದೊಡ್ಡ ಮಾವ ಅಜ್ಜಿಗೆ ಹೇಳಿದರು. ಹೇಳಿದ್ದು ತುಳುವಿನಲ್ಲಲ್ಲ, ಕನ್ನಡದಲ್ಲಿ. "ಹಗಲಲ್ಲಿ ಗ್ರಹ ಕಾಣುವುದಿಲ್ಲ. ಹುಡುಗ ಸುಳ್ಳು ಹೇಳಿದ."

ನನಗೆ ಬಿದ್ದ ಪೆಟ್ಟು ಆರು, ಹೋದ ಹಣ್ಣಿಗೆ ಎರಡರಂತೆ. ಅದು ಮರೆತಿದೆ. ಮರೆಯದ್ದು ಚಿಕ್ಕಮ್ಮ ಒಲೆಯ ಬೆಂಕಿಗೆ ನೀರು ಹೊಯ್ದ ಸದ್ದು. ಒಲೆ ಹೊತ್ತಿಸಿದವಳು ಮನೆ ಬಿಡುವಾಗ ತಾನೇ ಆರಿಸಬೇಕು ಎಂದು ನಮ್ಮಲ್ಲಿ ಇದ್ದ ಕ್ರಮ. ಒಂದು ಟ್ರಂಕಿನ ಜೊತೆ ಅವಳು ಕಟಪಾಡಿಗೆ ನಡೆದು ಕಾರ್ಕಳದ ಬಸ್ಸು ಹತ್ತಿದಳು. ಹೋಗುವಾಗ ನನ್ನ ತಲೆಯ ಮೇಲೆ ಆ ಸೊಟ್ಟ ಬೆರಳಿನ ಕೈ ಇಟ್ಟು, "ನೀನು ಕಂಡದ್ದು ಕಂಡದ್ದೇ, ಮಗಾ," ಎಂದಳು. ಕಾರ್ಕಳದ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿ ಅಲ್ಲೇ ಮುದುಕಿಯಾದಳು. ಅಜ್ಜಿ ಸತ್ತಾಗ ಬರಲಿಲ್ಲ. ಹೆಣ್ಣುಮಕ್ಕಳ ಮನೆಯಿಂದ ಒಬ್ಬ ಹೆಣ್ಣುಮಗಳನ್ನು ಹೊರಹಾಕಲು ಒಂದು ಬೆಳಗಿನ ಹತ್ತು ನಿಮಿಷ ಸಾಕಾಯಿತು.

ನಿಶ್ಚಿತಾರ್ಥಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಕಾಪುವಿನ ಆ ಮನೆಯ ಅಂಗಳದಲ್ಲಿ ಕೆಂಪು ಟ್ಯಾಂಕಿನ ಮೋಟಾರ್ ಸೈಕಲ್ ನಿಂತಿತ್ತು. ಅದು ಹುಡುಗಿಯ ಅಣ್ಣನದು. ನಾನು ದೊಡ್ಡ ಮಾವನ ಮುಖ ನೋಡಿದೆ, ಅವರು ಮೋಟಾರ್ ಸೈಕಲ್ ನೋಡಿದರು, ಚಪ್ಪಲಿ ಬಿಟ್ಟು ಒಳಗೆ ಹೋದರು. ಮುಂದಿನ ವರ್ಷ ಅದೇ ಮನೆಯಲ್ಲಿ ಒಂದು ಔತಣ, ಎಲೆಗೆ ಗುಳ್ಳದ ಹುಳಿ ಬಂತು. ಬಿಳಿ ಗೆರೆ ಹಾಗೇ ಇತ್ತು, ಸಿಪ್ಪೆ ದಪ್ಪ, ತಿರುಳಲ್ಲಿ ಕಹಿ. ಆ ಮಣ್ಣಿಗೆ ಅದು ಒಗ್ಗಿರಲಿಲ್ಲ. ನಮ್ಮ ಸಾಲಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಉಂಡರು. ದೊಡ್ಡ ಮಾವ ಇನ್ನೊಮ್ಮೆ ಬಡಿಸಿಕೊಂಡರು.

ಮನೆಯಲ್ಲಿ ನನ್ನ ಹೆಸರು ಹಗಲುಬೊಳ್ಳಿ ಎಂದಾಯಿತು. ಪೆನ್ಸಿಲು ಕಳೆದರೆ, "ಹಗಲುಬೊಳ್ಳಿಯನ್ನು ಕೇಳು, ಅವನಿಗೆ ಎಲ್ಲ ಕಾಣುತ್ತದೆ," ಎಂದು ಸಣ್ಣ ಮಾವ ಜಗಲಿಯಿಂದಲೇ ಕೂಗುವರು. ಜ್ವರ ಬಂದಿದೆ ಎಂದರೆ ಅಮ್ಮನೂ ಹಣೆ ಮುಟ್ಟಿ ನೋಡಿಯೇ ನಂಬುತ್ತಿದ್ದಳು. ನಾನು ಹೇಳುವ ಮೊದಲು ಎಲ್ಲವನ್ನೂ ಎರಡು ಸಲ ಅಳೆಯುವವನಾದೆ. ಆಮೇಲೆ ಸರ್ವೆ ಇಲಾಖೆಗೆ ಸೇರಿ ಮೂವತ್ತಮೂರು ವರ್ಷ ಕಲ್ಲಿನಿಂದ ಕಲ್ಲಿಗೆ ಸರಪಳಿ ಎಳೆದೆ. ಶುಕ್ರ ಹಗಲಲ್ಲೂ ಕಾಣುತ್ತದೆ ಎಂದು ಎಷ್ಟೋ ಕಡೆ ಓದಿದೆ. ಆದರೆ ಅದರಿಂದ ನನಗೆ ಬಿಡುಗಡೆ ಸಿಗಲಿಲ್ಲ. ಕಾಣುತ್ತದೆ ಎನ್ನುವುದು ಬೇರೆ, ಅಂದು ಎಂಟು ಮೂವತ್ತೈದಕ್ಕೆ ನನ್ನ ಬೆರಳ ತುದಿಯಲ್ಲಿ ಏನೂ ಇರಲಿಲ್ಲ ಎನ್ನುವುದು ಬೇರೆ. ಚಿಕ್ಕಮ್ಮ ನನ್ನನ್ನು ಉಳಿಸಲು ಹಾಗೆ ಹೇಳಿರಬಹುದು. ಶಶಿ ಮಗು. ನಾನೇ ವಾರವಿಡೀ ಆಸೆಯಿಂದ ಕಲ್ಪಿಸಿಕೊಂಡಿರಬಹುದು. ಮತ್ತೆ ಹಗಲಲ್ಲಿ ತಲೆ ಎತ್ತಿ ಹುಡುಕುವ ಧೈರ್ಯ ನನಗೆ ಬರಲೇ ಇಲ್ಲ.

ಕಳೆದ ವರ್ಷ ಚಿಕ್ಕಮ್ಮ, ಮದುವೆಯಾಗಿ ಕಾರ್ಕಳಕ್ಕೇ ಹೋಗಿದ್ದ ಶಶಿಯ ಮನೆಯಲ್ಲಿ ತೀರಿಕೊಂಡಳು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಹೇಳಿಬರಲು ನಾನು ಮಣಿಪಾಲಕ್ಕೆ ಹೋದೆ. ದೊಡ್ಡ ಮಾವ ಅಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದಾರೆ. ತೊಂಬತ್ತು ದಾಟಿದೆ. ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ಪೇಪರು ಓದುತ್ತಿದ್ದರು. ವಿಷಯ ಹೇಳಿದೆ. ಪೇಪರು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಮಗಳು ಚಹಾ ತಂದಿಟ್ಟು ಹೋದಳು. ನಾನು ಕೇಳಬೇಕೆಂದು ಹೋದವನಲ್ಲ. ಬಾಯಿಗೆ ಬಂದುಬಿಟ್ಟಿತು.

"ಅವತ್ತು ಕಲ್ಲಿನ ಮೇಲೆ ನಿಂತು ನೀವು ನೋಡಿದಿರಲ್ಲ ಮಾವ. ಎಂತ ಇತ್ತು ಅಲ್ಲಿ?"

ಅವರು ಚಹಾಕ್ಕೆ ಬಿಸ್ಕೆಟು ಅದ್ದಿದರು. ಆಮೇಲೆ ಕನ್ನಡಕ್ಕೆ ತಿರುಗಿದರು.

"ನೀನು ತೋರಿಸಿದ್ದು ತಪ್ಪು."

"ಅಂದರೆ?"

"ತುದಿಗೆ ತೋರಿಸಿದೆ. ಅದು ಎಂಟು ಇಪ್ಪತ್ತರ ಜಾಗ. ನಾವು ನೋಡಿದ್ದು ಎಂಟು ಮೂವತ್ತೈದಕ್ಕೆ. ಹದಿನೈದು ನಿಮಿಷಕ್ಕೆ ಆಕಾಶ ಸುಮಾರು ನಾಲ್ಕು ಡಿಗ್ರಿ ಸರಿಯುತ್ತದೆ. ಕೈ ಚಾಚಿ ಹಿಡಿದರೆ ಎರಡು ಬೆರಳು." ಅವರು ಕೈ ಚಾಚಿ, ಎರಡು ಬೆರಳು ಜೋಡಿಸಿ, ಎದುರಿನ ಕಟ್ಟಡದ ನೀರಿನ ಟ್ಯಾಂಕಿಗೆ ಹಿಡಿದು ತೋರಿಸಿದರು. ಬೆರಳು ನಡುಗುತ್ತಿರಲಿಲ್ಲ. "ಬೋಳು ತೆಂಗಿನ ಬಲಕ್ಕೆ ಎರಡು ಬೆರಳು. ಅ‌ಲ್ಲಿ ಇತ್ತು. ನಿನಗೆ ಕಲಿಸಿದ್ದೆ ನಾನು."

"ನಿಮಗೆ ಕಂಡಿತಾ?"

"ಸ್ಪಷ್ಟ. ಹಗಲಲ್ಲಿ ಶುಕ್ರ ಕಾಣುತ್ತದೆ, ಅದರಲ್ಲಿ ವಿಶೇಷ ಎಂತ ಉಂಟು?" ಬಿಸ್ಕೆಟಿನ ತುಂಡು ಚಹಾದಲ್ಲಿ ಬಿತ್ತು. ಚಮಚದಿಂದ ಅದನ್ನು ಎತ್ತಿ ತಿಂದರು. "ಬೊಜ್ಜ ಯಾವತ್ತು ಅಂದೆ?"

ನಾನು ದಿನ ಹೇಳಿದೆ. ಅವರು ಬರಲಿಲ್ಲ. ಬೊಜ್ಜದ ಅಡುಗೆಗೆ ಶಶಿ ಮಟ್ಟುವಿನಿಂದ ಗುಳ್ಳ ತರಿಸಿದ್ದಳು. ಎಲೆ ಎತ್ತಿದ ಮೇಲೆ ಅವಳಿಗೆ ಇದೆಲ್ಲ ಹೇಳಿದೆ. "ನಾನು ಕಂಡಿದ್ದೆ ಅಣ್ಣ. ಬೆತ್ತ ನೋಡಿ ಇಲ್ಲ ಅಂದೆ. ಚಿಕ್ಕಮ್ಮನ ಹತ್ತಿರ ಹೇಳಿದ್ದೇನೆ. ನಿನ್ನ ಹತ್ತಿರ ಹೇಳಲಿಕ್ಕೆ ನಾಚಿಕೆಯಾಯಿತು," ಎಂದಳು.

ಆ ಸೋಮವಾರ ಬೆಳಿಗ್ಗೆ ಆ ಅಂಗಳದಲ್ಲಿ ಅದನ್ನು ಕಂಡವರು ಐದು ಜನ. ಸಿಸಿಲಿಯಾ ಬಾಯಮ್ಮ ಕಂಡರು, ತೀರಿಹೋಗಿ ಬಹಳ ವರ್ಷವಾಯಿತು. ಕುಸುಮ ಚಿಕ್ಕಮ್ಮ ಕಂಡಳು, ಈಗಿಲ್ಲ. ಎಂಟು ಇಪ್ಪತ್ತಕ್ಕೆ ನಾನು ಕಂಡೆ, ಹದಿನೈದು ನಿಮಿಷದ ನಂತರ ಕಾಣಲಿಲ್ಲ. ಶಶಿಕಲಾ ಕಂಡಳು, ಕಾರ್ಕಳದಲ್ಲಿದ್ದಾಳೆ, ಕೇಳಿದರೆ ಈಗ ಹೇಳುತ್ತಾಳೆ. ದೊಡ್ಡ ಮಾವ ಕಂಡರು. ಮಣಿಪಾಲದಲ್ಲಿದ್ದಾರೆ. ಕಣ್ಣು ಈಗಲೂ ಚೆನ್ನಾಗಿದೆ, ಕನ್ನಡಕ ಬೇಕಾಗುವುದು ಓದುವುದಕ್ಕೆ ಮಾತ್ರ.